ಖಾಸಗಿ ಪೋಕರ್ ಆಟಕ್ಕೆ ಕರೆ ಬಂದರೆ, ಕೂರುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಹೊಸ ಟೇಬಲ್
2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದ ಮೇಲೆ ದೊಡ್ಡ ಆ್ಯಪ್‌ಗಳೆಲ್ಲ ಹಣದ ಆಟ ನಿಲ್ಲಿಸಿದವು. ಅಲ್ಲಿ ಆಡುತ್ತಿದ್ದವರಿಗೆ ಈಗ ವಾಟ್ಸಾಪ್‌ನಲ್ಲಿ ಮನೆ ಆಟಗಳ ಕರೆ ಬರುತ್ತಿದೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕಾಣುವ ಆಟ ಹೀಗಿರುತ್ತದೆ: ಹೋಲ್ಡೆಮ್ (ಒಬ್ಬೊಬ್ಬರಿಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆಯ ಪೋಕರ್), 25/50 ಬ್ಲೈಂಡ್ (ಪ್ರತಿ ಆಟದ ಶುರುವಿಗೆ ಇಬ್ಬರು ಕಡ್ಡಾಯವಾಗಿ ಹಾಕುವ ₹25 ಮತ್ತು ₹50), ₹5,000 ಬೈ-ಇನ್ (ಕೂರಲು ಹಾಕುವ ಹಣ), 8 ಜನ, ಅವರಲ್ಲಿ ಇಬ್ಬರು ಮೂವರು ಮಾತ್ರ ಪರಿಚಯದವರು. ಇಂಥ ಕಡೆ ಹೋಗುವ ಮುಂಚೆ ಏನು ಕೇಳಬೇಕು, ಕೂತ ಮೇಲೆ ಏನು ನೋಡಬೇಕು, ಗೊತ್ತಿರುವವರು ವಿವರವಾಗಿ ಬರೆಯಿರಿ. "ಆಡಲೇಬೇಡಿ" ಅನ್ನುವ ಸಲಹೆಗೂ ಗೌರವವಿದೆ, ಆದರೆ ಅದಕ್ಕೆ ಬೇರೆ ಚರ್ಚೆಯ ಎಳೆ ಇದೆ.

ಲೆಕ್ಕದ ಪುಸ್ತಕ
ಫೋನಿನಲ್ಲೇ ಆರು ಪ್ರಶ್ನೆ ಕೇಳಿಬಿಡಿ. ಯಾರ ಮನೆ? ಎಲೆ ಹಂಚುವವರು ಯಾರು? ಒಬ್ಬರು ಹೆಚ್ಚೆಂದರೆ ಎಷ್ಟು ಸಲ, ಎಷ್ಟು ಹಣ ಹಾಕಬಹುದು? ಆಟ ನಡೆಸುವ ಮನೆಯವರು ಪಾಟ್‌ನಿಂದ (ಒಂದು ಆಟದಲ್ಲಿ ಎಲ್ಲರೂ ಹಾಕಿದ ಹಣ) ರೇಕ್, ಅಂದರೆ ತಮ್ಮ ಪಾಲು, ತೆಗೆಯುತ್ತಾರಾ? ಲೆಕ್ಕ ಚುಕ್ತಾ ಆಗುವುದು ನಗದಿನಲ್ಲೋ ಯುಪಿಐನಲ್ಲೋ, ಅವತ್ತೋ ಮಾರನೇ ದಿನವೋ? ಆಟ ಎಷ್ಟು ಗಂಟೆಗೆ ಮುಗಿಯುತ್ತದೆ? ಸರಿಯಾದ ಮನೆ ಆಟ ನಡೆಸುವವರು ಇವಕ್ಕೆ ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತಾರೆ. "ಬನ್ನಿ ಸರ್, ಬಂದ ಮೇಲೆ ನೋಡೋಣ" ಎಂದರೆ ಹೋಗಬೇಡಿ.

ರೇಕ್ ಬಗ್ಗೆ ಒಂದು ಲೆಕ್ಕ ಇಡುತ್ತೇನೆ. ಮೋಸಗಾರರಿಗಿಂತ ಹೆಚ್ಚು ಹಣ ತಿನ್ನುವುದು ಇದೇ. ಗಂಟೆಗೆ 25 ಆಟದಂತೆ 6 ಗಂಟೆಗೆ 150 ಆಟ. ಫ್ಲಾಪ್ (ನಡುವೆ ತೆರೆಯುವ ಮೊದಲ ಮೂರು ಎಲೆ) ಬರುವ ಮೊದಲೇ ಮುಗಿಯುವ 40 ಆಟ ಬಿಡಿ, ಉಳಿದದ್ದು 110. ಪಾಟ್ ಸರಾಸರಿ ₹1,500 ಹಿಡಿದು 5% ತೆಗೆದರೆ ಪ್ರತಿ ಆಟಕ್ಕೆ ₹75, ರಾತ್ರಿಗೆ ₹8,250. ಎಂಟು ಜನ ತಂದದ್ದು ₹40,000. ಐದರಲ್ಲೊಂದು ಪಾಲು ಮನೆಯವರ ಡಬ್ಬಿಗೆ ಹೋಯಿತು. ಯಾರೂ ಮೋಸ ಮಾಡದಿದ್ದರೂ ತಲೆಗೆ ₹1,000ದಷ್ಟು ಹೋಗಿರುತ್ತದೆ, ಅಂದರೆ 20 ದೊಡ್ಡ ಬ್ಲೈಂಡ್. ವಾರಕ್ಕೊಮ್ಮೆ ಇಂಥ ಟೇಬಲ್‌ಗೆ ಹೋಗಿ "ನನಗೆ ಅದೃಷ್ಟ ಸರಿ ಇಲ್ಲ" ಎನ್ನುವವರು ಮೊದಲು ಈ ಗುಣಾಕಾರ ಮಾಡಲಿ. ಊಟ, ನೀರು, ಎಲೆಯ ಖರ್ಚಿಗೆ ತಲೆಗೆ ₹300 ಎಂದು ಸಮನಾಗಿ ಹಂಚಿಕೊಳ್ಳುವ ಆಟ ಹುಡುಕಿ. ಅಂಥವು ಇವೆ.

ಕರಿಕೋಟು
ಮೇಲಿನವರು ಹೇಳಿದ ರೇಕ್ ಬರೀ ಹಣದ ವಿಷಯವಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಒಂದು ಮನೆ "ಜೂಜಿನ ಮನೆ" ಆಗುವುದಕ್ಕೆ ಮುಖ್ಯ ಅಂಶವೇ ಆ ಜಾಗದಿಂದ ಅಥವಾ ಆಟದ ಸಾಮಾನಿನಿಂದ ಮನೆಯವರಿಗೆ ಬರುವ ಲಾಭ. ಅಂಥ ಮನೆ ನಡೆಸುವುದು 79ನೇ ಕಲಮಿಗೆ ಬರುತ್ತದೆ, ಅಲ್ಲಿ ಆಡುತ್ತಾ ಸಿಕ್ಕಿಬೀಳುವುದು 80ಕ್ಕೆ. ರಸ್ತೆ, ಮೈದಾನದಂಥ ಸಾರ್ವಜನಿಕ ಜಾಗದಲ್ಲಾದರೆ 87. 176ನೇ ಕಲಮು ಶುದ್ಧ ಕೌಶಲದ ಆಟಕ್ಕೆ 79, 80 ಅನ್ವಯಿಸುವುದಿಲ್ಲ ಎನ್ನುತ್ತದೆ.

ಪೋಕರ್ ಕೌಶಲವೋ ಅದೃಷ್ಟವೋ ಎಂಬುದರಲ್ಲಿ ಕೋರ್ಟುಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪೋಕರ್ ಆಡಿಸುವವರ ಪರವಾಗಿ ಆದೇಶ ಕೊಟ್ಟಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಪೋಕರನ್ನು ಜೂಜು ಎಂದಿತು. ರಮ್ಮಿಗೆ 1968ರ ಸುಪ್ರೀಂ ಕೋರ್ಟ್ ತೀರ್ಪಿನ ಬಲ ಇದೆ, ಅದನ್ನು ಹಾಗೇ ಎತ್ತಿ ಪೋಕರ್‌ಗೆ ಹೊದಿಸಬೇಡಿ. ಇನ್ನು ಅದೇ ಟೇಬಲ್ ಮೇಲೆ ನಡುವೆ ಅರ್ಧ ಗಂಟೆ ಅಂದರ್ ಬಾಹರ್ ಶುರುವಾದರೆ ಕೌಶಲದ ವಾದ ಅಲ್ಲಿಗೇ ಮುಗಿಯಿತು. ಆಗ ಎದ್ದುಬಿಡಿ.

ದಾಳಿ ಆದರೆ ಓಡಬೇಡಿ. ಪೊಲೀಸರನ್ನು ಕಂಡು ಓಡಿ ಬಾವಿಗೆ, ಹೊಳೆಗೆ ಬಿದ್ದು ಸತ್ತವರ ಸುದ್ದಿ ಓದಿರುತ್ತೀರಿ. ಕೂತಲ್ಲೇ ಕೂತು ಕೈ ಕಾಣುವಂತೆ ಇಡಿ. ನಿಮ್ಮಿಂದ ತೆಗೆದುಕೊಂಡ ನಗದು ಮತ್ತು ಫೋನು ಪಂಚನಾಮೆಯಲ್ಲಿ ಸರಿಯಾಗಿ ಬರೆದಿದೆಯಾ ನೋಡಿ, ಆಮೇಲೆ ಸಹಿ ಹಾಕಿ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯ ಆಡಿಯೋ ವಿಡಿಯೋ ದಾಖಲೆ ಮಾಡಬೇಕು, ಅದನ್ನು ವಿನಯವಾಗಿ ಕೇಳಬಹುದು. ಬಂದವರು ಪೊಲೀಸರೇ ಹೌದಾ ಎಂಬ ಅನುಮಾನ ಇದ್ದರೆ, ಅಂದರೆ ಸಮವಸ್ತ್ರ ಇಲ್ಲ, ಗುರುತಿನ ಚೀಟಿ ತೋರಿಸುತ್ತಿಲ್ಲ, ಹಣವನ್ನು ನೇರ ಚೀಲಕ್ಕೆ ತುಂಬುತ್ತಿದ್ದಾರೆ ಎಂದರೆ, 112ಕ್ಕೆ ಕರೆ ಮಾಡಿ. ಪೊಲೀಸರ ವೇಷ ಹಾಕಿ ಇಸ್ಪೀಟಿನ ಮನೆ ದೋಚುವುದು ಹಳೇ ವರಸೆ, ಆಡುವವರು ದೂರು ಕೊಡಲು ಹೆದರುತ್ತಾರೆ ಎಂಬ ಧೈರ್ಯ ಅವರಿಗೆ.

ಗೋವಾ ದಾರಿ
ಇಷ್ಟೆಲ್ಲ ಯಾಕೆ, ಗೋವಾಕ್ಕೆ ಹೋಗಿ ಲೈಸೆನ್ಸ್ ಇರುವ ಕ್ಯಾಸಿನೋದಲ್ಲಿ ಆಡಿದರೆ ಆಯಿತಲ್ಲ? ಮೇಲೆ ಕ್ಯಾಮೆರಾ, ತರಬೇತಿ ಪಡೆದ ಡೀಲರ್, ಹಣ ಕೌಂಟರಿನಲ್ಲಿ.

ಲೆಕ್ಕದ ಪುಸ್ತಕ
ಹಣ ಮತ್ತು ಎಲೆ ಎರಡರ ಭದ್ರತೆಯೂ ಅಲ್ಲಿ ಹೆಚ್ಚು, ಒಪ್ಪಿದೆ. ಆದರೆ ಅಲ್ಲೂ ರೇಕ್ ಇದೆ, ಮೇಲೆ ಪ್ರಯಾಣ, ರೂಮು. ವಾರಾಂತ್ಯಕ್ಕೆ ₹5,000ದ ಆಟ ಆಡುವವರಿಗೆ ಅದು ಗಿಟ್ಟುವುದಿಲ್ಲ. ಎಳೆಯ ಪ್ರಶ್ನೆ ಮನೆ ಆಟದ್ದು, ಅಲ್ಲೇ ಇರೋಣ.

ಎಲೆ ನೋಡುವವ
ಎಲೆಯ ಮಾತಿಗೆ ಬರೋಣ. ಮನೆ ಆಟದಲ್ಲಿ ಎಲೆ ಹಂಚುವುದಕ್ಕೆ ಒಂದು ಕ್ರಮ ಇದ್ದರೆ ಯಾರನ್ನೂ ನಂಬುವ ಅಗತ್ಯವೇ ಬರುವುದಿಲ್ಲ. ಯಾರ ಮೇಲೂ ಅನುಮಾನ ಪಡುವ ಮುಜುಗರವೂ ಇಲ್ಲ.

ಎರಡು ಪ್ಯಾಕ್ ಬೇಕು, ಬೆನ್ನಿನ ಬಣ್ಣ ಬೇರೆ ಬೇರೆ, ಪೂರ್ತಿ ಪ್ಲಾಸ್ಟಿಕ್ಕಿನವು. ಕಾಗದದ ಎಲೆ ಒಂದು ರಾತ್ರಿಯಲ್ಲೇ ಮೂಲೆ ಮಡಚಿ ತನ್ನಿಂದ ತಾನೇ ಗುರುತಾಗುತ್ತದೆ. ಶುರುವಿಗೆ ಪ್ಯಾಕ್ ಬಿಡಿಸಿ, ಎಲೆ ಮೇಲ್ಮುಖವಾಗಿ ಹರಡಿ 52 ಎಣಿಸಿ, ನಾಲ್ಕು ಎಕ್ಕ ಕಣ್ಣಿಗೆ ಕಾಣಬೇಕು. ಗಂಟೆಗೊಮ್ಮೆ ಮತ್ತೆ ಎಣಿಕೆ. ತೊಡೆಯ ಮೇಲೆ ಒಂದು ಎಕ್ಕ ಮಲಗಿದ್ದರೆ ಈ ಎಣಿಕೆಯಲ್ಲೇ ಗೊತ್ತಾಗುವುದು.

ಕಲೆಸುವ ಕ್ರಮ: ಮೊದಲು ಎಲೆಗಳನ್ನು ಕವುಚಿ ಟೇಬಲ್ ಮೇಲೆ ಹರಡಿ ಎರಡೂ ಅಂಗೈಯಿಂದ ಹತ್ತು ಸೆಕೆಂಡಾದರೂ ಗುಡಿಸಿದಂತೆ ಬೆರೆಸಬೇಕು. ಆಮೇಲೆ ಎರಡು ಸಲ ರಿಫಲ್ (ಪ್ಯಾಕ್ ಎರಡು ಭಾಗ ಮಾಡಿ ಅಂಚು ಹೆಣೆದು ಬೆರೆಸುವುದು), ಒಂದು ಸಲ ಮೇಲಿಂದ ಸಣ್ಣ ಸಣ್ಣ ಕಟ್ಟಾಗಿ ಎಳೆದು ಹಾಕುವುದು, ಮತ್ತೊಂದು ರಿಫಲ್. ಎಲ್ಲವೂ ಟೇಬಲ್ ಮೇಲೆಯೇ, ಕೈ ಎತ್ತಬಾರದು. ಹಂಚುವವರಲ್ಲದ ಇನ್ನೊಬ್ಬರು ಒಂದೇ ಕೈಯಲ್ಲಿ ಕಟ್ ಮಾಡಬೇಕು, ಕಟ್ ಆದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಕಟ್ ಕಾರ್ಡ್ ಮೇಲೆ ಕೂರಬೇಕು. ಆ ಕಾರ್ಡು ಎರಡು ಕೆಲಸ ಮಾಡುತ್ತದೆ. ಕೊನೆಯ ಎಲೆ ಯಾರಿಗೂ ಕಾಣುವುದಿಲ್ಲ, ಮತ್ತು ಅಡಿಯಿಂದ ಎಲೆ ಜಾರಿಸುವುದು ಕಷ್ಟವಾಗುತ್ತದೆ. ಫ್ಲಾಪ್, ಟರ್ನ್ (ನಡುವಿನ ನಾಲ್ಕನೇ ಎಲೆ), ರಿವರ್ (ಐದನೇ ಎಲೆ) ಮೂರಕ್ಕೂ ಮುಂಚೆ ಮೇಲಿನ ಒಂದು ಎಲೆಯನ್ನು ಕವುಚಿ ಪಕ್ಕಕ್ಕೆ ಬಿಡುವುದು ಸಂಪ್ರದಾಯಕ್ಕಲ್ಲ. ಗುರುತು ಹಾಕಿದ ಎಲೆ ಮೇಲೆ ಇದ್ದು ಯಾರಾದರೂ ಅದನ್ನು ಓದಿದ್ದರೆ, ಅದು ಆಟಕ್ಕೆ ಬರದಂತೆ ಮಾಡುವುದಕ್ಕೆ.

ಹಂಚುವವರ ಕೈ ನೋಡಿ. ಪ್ಯಾಕ್ ಹಿಡಿದ ಕೈಯ ತೋರುಬೆರಳು ಮುಂದಿನ ಅಂಚಿಗೆ ಅಡ್ಡ ಬಂದಿದ್ದು, ಉಳಿದ ಮೂರು ಬೆರಳು ಪಕ್ಕದಲ್ಲಿದ್ದರೆ ಅದೇ ಒಂದು ಅಪರಾಧವಲ್ಲ, ಒಳ್ಳೆಯ ಡೀಲರ್‌ಗಳೂ ಹಾಗೆ ಹಿಡಿಯುತ್ತಾರೆ. ಕಿವಿ ಕೊಡಿ. ಮೇಲಿನ ಎಲೆ ಬಿಟ್ಟು ಎರಡನೆಯದನ್ನು ಎಳೆದರೆ ಎರಡು ಎಲೆಯ ನಡುವೆ ಉಜ್ಜುವ ಸದ್ದು ಬರುತ್ತದೆ, ಆಗ ಪ್ಯಾಕ್ ಹಿಡಿದ ಹೆಬ್ಬೆರಳು ಸ್ವಲ್ಪ ಹಿಂದೆ ಸರಿಯುತ್ತದೆ. ಒಬ್ಬರಿಗೆ ಹಂಚುವಾಗ ಮಾತ್ರ ಆ ಸದ್ದು ಬದಲಾಗುತ್ತಿದ್ದರೆ ಆ ಟೇಬಲ್ ಬಿಡಿ.

ಪ್ಯಾಕ್ ಬದಲಾಯಿಸುವ ಕಸುಬು ನಡೆಯುವುದು ಬಿರಿಯಾನಿ ಬಂದಾಗ, ಕರೆಂಟ್ ಹೋದಾಗ, ಯಾರೋ ಲೋಟ ಚೆಲ್ಲಿದಾಗ. ಎಲ್ಲರ ಕಣ್ಣು ಆ ಕಡೆ ಹೋದ ಮೂರು ಸೆಕೆಂಡಿನಲ್ಲಿ ಜೋಡಿಸಿಟ್ಟ ಪ್ಯಾಕ್ ಬಂದು ಕೂರುತ್ತದೆ. ಒಂದು ಗಂಟೆಯಿಂದ ಕೈಯಿಂದ ಕೈಗೆ ಓಡಾಡಿದ ಪ್ಲಾಸ್ಟಿಕ್ ಎಲೆ ಬೆಚ್ಚಗಿರುತ್ತದೆ, ಜೇಬಿನಿಂದಲ್ಲದೆ ಚೀಲದಿಂದ ಬಂದದ್ದು ತಣ್ಣಗಿರುತ್ತದೆ. ಜೋಡಿಸಿದ ಪ್ಯಾಕಿಗೆ ಇಂಗ್ಲಿಷಿನಲ್ಲಿ "ಕೋಲ್ಡ್ ಡೆಕ್" ಎನ್ನುವುದು ಇದಕ್ಕೇ. ಗಲಾಟೆ ಆದಾಗಲೆಲ್ಲ ಪ್ಯಾಕನ್ನು ಮತ್ತೆ ಹರಡಿ ಬೆರೆಸುವುದು ಅಂತ ಮೊದಲೇ ನಿಯಮ ಮಾಡಿಟ್ಟರೆ ಯಾರಿಗೂ ಬೇಸರವಾಗುವುದಿಲ್ಲ.

ಹೊಸ ಟೇಬಲ್
ಗುರುತು ಹಾಕಿದ ಎಲೆ ಪತ್ತೆ ಹಚ್ಚುವುದು ಹೇಗೆ? ಇನ್ನೊಂದು, ಕೆಲವು ಮನೆಗಳಲ್ಲಿ ಕಲೆಸುವ ಮೆಷಿನ್ ಇಟ್ಟಿರುತ್ತಾರೆ. ಅದು ಮನುಷ್ಯರ ಕೈಗಿಂತ ವಾಸಿಯಲ್ಲವಾ?

ಎಲೆ ನೋಡುವವ
ಗುರುತಿಗೆ ಮೂರು ಪರೀಕ್ಷೆ. ಪ್ಯಾಕನ್ನು ಒಂದು ಕೈಯಲ್ಲಿ ಹಿಡಿದು ಬೆನ್ನಿನ ಕಡೆಯಿಂದ ಹೆಬ್ಬೆರಳಲ್ಲಿ ಸರಸರ ಬಿಡಿ, ಕಣ್ಣು ವಿನ್ಯಾಸದ ಒಂದೇ ಹೂವಿನ ಮೇಲೆ ನೆಟ್ಟಿರಲಿ. ಹೂವು ನಿಂತಲ್ಲೇ ನಿಂತರೆ ಸರಿ. ಎಸಳು ಕುಣಿದಂತೆ, ಚುಕ್ಕೆ ಹಾರಿದಂತೆ ಕಂಡರೆ ಅಚ್ಚಿನಲ್ಲೇ ಗುರುತಿದೆ. ಎರಡನೆಯದು, ಮೊಬೈಲ್ ಟಾರ್ಚನ್ನು ಎಲೆಯ ಮಟ್ಟಕ್ಕೆ ಮಲಗಿಸಿ ಓರೆ ಬೆಳಕು ಬಿಡಿ. ಬಳಿದ ಮಸಿ, ಉಗುರಿನ ಗೀರು, ಮಡಚಿದ ಮೂಲೆ ನೆರಳಾಗಿ ಕಾಣುತ್ತವೆ. 52 ಎಲೆ ಬೇಕಿಲ್ಲ, ನಾಲ್ಕು ಎಕ್ಕ, ನಾಲ್ಕು ರಾಜ, ಜೊತೆಗೆ ನಾಲ್ಕು ಸಣ್ಣ ಎಲೆ ಹೋಲಿಸಿದರೆ ಸಾಕು. ಗುರುತು ಹಾಕುವವರು ದೊಡ್ಡ ಎಲೆಯಿಂದಲೇ ಶುರು ಮಾಡುತ್ತಾರೆ.

ಮೂರನೆಯದು ಇನ್‌ಫ್ರಾರೆಡ್ ಮಸಿಗೆ. ಟಿವಿ ರಿಮೋಟ್ ಒತ್ತಿ ಅದರ ತುದಿಯ ಬಲ್ಬನ್ನು ನಿಮ್ಮ ಫೋನಿನ ಮುಂದಿನ ಕ್ಯಾಮೆರಾದಲ್ಲಿ ನೋಡಿ. ನೇರಳೆ ಅಥವಾ ಬಿಳಿ ಮಿಣುಕು ಕಂಡರೆ ಆ ಕ್ಯಾಮೆರಾಗೆ ಇನ್‌ಫ್ರಾರೆಡ್ ಕಾಣುತ್ತದೆ ಎಂದರ್ಥ. ಆ ಕ್ಯಾಮೆರಾದಲ್ಲಿ ಎಲೆಯ ಬೆನ್ನು ಮತ್ತು ಅಂಚು ನೋಡಿ, ಕಿಟಕಿಯ ಬಿಸಿಲಿನಲ್ಲಿ. ಮನೆಯ ಎಲ್‌ಇಡಿ ಬೆಳಕಿನಲ್ಲಿ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಮ್ಮಿ, ಅಲ್ಲಿ ನೋಡಿ "ಏನೂ ಇಲ್ಲ" ಎಂದು ತೀರ್ಮಾನಿಸಬೇಡಿ. ಹಿಂದಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫಿಲ್ಟರ್ ಗಟ್ಟಿ ಇರುತ್ತದೆ. ಈ ಪರೀಕ್ಷೆಯಲ್ಲಿ ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ಎಲೆ ಶುದ್ಧ ಎಂಬ ಖಾತ್ರಿಯಿಲ್ಲ.

ಅಂಚಿನಲ್ಲಿ ಗುರುತು ಇರುವ ಪ್ಯಾಕ್ ಎಲ್ಲಕ್ಕಿಂತ ಅಪಾಯ. ಟೇಬಲ್ ಮೇಲೆ ಸುಮ್ಮನೆ ಮಲಗಿರುವ ಫೋನಿನಂಥ ಉಪಕರಣ ಪ್ಯಾಕಿನ ಅಂಚನ್ನು ಒಟ್ಟಿಗೆ ಓದಿ, ಯಾರು ಗೆಲ್ಲುತ್ತಾರೆ ಎಂದು ಕಿವಿಯ ಸಣ್ಣ ಸಾಧನಕ್ಕೆ ಹೇಳುತ್ತದೆ. ಅದಕ್ಕೆ ಪ್ಯಾಕಿನ ಅಂಚು ನೇರವಾಗಿ ಕಾಣಬೇಕು. ಹಾಗಾಗಿ ಪರಿಹಾರ ಸರಳ: ಟೇಬಲ್ ಮೇಲೆ ಫೋನು, ಪವರ್ ಬ್ಯಾಂಕ್, ಸಿಗರೇಟ್ ಪ್ಯಾಕ್, ಕಾರಿನ ಕೀ ಯಾವುದೂ ಇರಬಾರದು. ಎಲೆ ಅಂಗಡಿಯಿಂದ ಆಟಗಾರರೇ ಸರದಿಯಲ್ಲಿ ತರಲಿ, ಸೀಲು ಎಲ್ಲರ ಮುಂದೆ ಒಡೆಯಲಿ.

ಸರ್ಕ್ಯೂಟ್
ಮೆಷಿನ್ ವಿಷಯಕ್ಕೆ ನಾನು ಉತ್ತರಿಸುತ್ತೇನೆ. 2023ರಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಭದ್ರತಾ ಸಂಶೋಧಕರು ಡೆಕ್‌ಮೇಟ್ 2 ಎಂಬ ಮೆಷಿನ್‌ನ ದೋಷ ತೋರಿಸಿದರು. ಎಲ್ಲ 52 ಎಲೆ ಇದೆಯಾ ಎಂದು ನೋಡಲು ಅದರೊಳಗೇ ಒಂದು ಕ್ಯಾಮೆರಾ ಇದೆ. ಹೊರಗೆ ಕಾಣುವ ಯುಎಸ್‌ಬಿ ಕಿಂಡಿಗೆ ಸಣ್ಣ ಸಾಧನ ಸಿಕ್ಕಿಸಿದರೆ ಆ ಕ್ಯಾಮೆರಾ ನೋಡಿದ ಎಲೆಗಳ ಅನುಕ್ರಮ ಹೊರಗಿನ ಫೋನಿಗೆ ಬರುತ್ತದೆ.

ಎರಡೇ ವರ್ಷದಲ್ಲಿ ಇದು ಪುಸ್ತಕದ ಮಾತಾಗಿ ಉಳಿಯಲಿಲ್ಲ. 2025ರ ಅಕ್ಟೋಬರ್ 23ರಂದು ನ್ಯೂಯಾರ್ಕ್‌ನ ಫೆಡರಲ್ ಪ್ರಾಸಿಕ್ಯೂಟರ್‌ಗಳು ಖಾಸಗಿ ಪೋಕರ್ ಆಟಗಳ ಮೋಸದ ದೊಡ್ಡ ಪ್ರಕರಣವನ್ನು ಬಹಿರಂಗ ಮಾಡಿದರು. 31 ಆರೋಪಿಗಳು, ಮಾಫಿಯಾ ಕುಟುಂಬಗಳ ಹೆಸರು, ಬ್ಯಾಸ್ಕೆಟ್‌ಬಾಲ್‌ನ ಪ್ರಸಿದ್ಧರನ್ನು ಟೇಬಲ್‌ಗೆ ಕೂರಿಸಿ ಶ್ರೀಮಂತರನ್ನು ಸೆಳೆದ ಆರೋಪ, ಕಳೆದುಕೊಂಡವರ ನಷ್ಟ 70 ಲಕ್ಷ ಡಾಲರ್‌ಗೂ ಹೆಚ್ಚು ಎಂಬ ಲೆಕ್ಕ. ಆರೋಪಪಟ್ಟಿ ಹೇಳುವ ಕಾರ್ಯವಿಧಾನ ಗಮನಿಸಿ: ತಿದ್ದಿದ ಮೆಷಿನ್ ಎಲೆ ಓದುತ್ತದೆ, ಬೇರೆಲ್ಲೋ ಕೂತವರಿಗೆ ಕಳಿಸುತ್ತದೆ, ಅವರು ಟೇಬಲ್‌ನಲ್ಲಿರುವ ಒಬ್ಬ ಆಟಗಾರನ ಫೋನಿಗೆ ತಿಳಿಸುತ್ತಾರೆ, ಅವನು ಚಿಪ್ (ಹಣದ ಬದಲು ಆಡುವ ಬಿಲ್ಲೆ) ಮುಟ್ಟಿ ಅಥವಾ ಗಲ್ಲ ಸವರಿ ಉಳಿದ ಸಂಗಾತಿಗಳಿಗೆ ಸನ್ನೆ ಮಾಡುತ್ತಾನೆ. ಎಲೆಯ ಗುರುತು ಓದುವ ಕನ್ನಡಕ, ಚಿಪ್ ಟ್ರೇ ಒಳಗಿನ ಕ್ಯಾಮೆರಾ, ಎಕ್ಸ್-ರೇ ಟೇಬಲ್ ಕೂಡ ಆರೋಪದಲ್ಲಿವೆ. ಇದೆಲ್ಲ ಆರೋಪಪಟ್ಟಿಯ ಮಾತು. ಆದರೆ ಖಾಸಗಿ ಮನೆಯಲ್ಲಿ ಕಲೆಸುವ ಮೆಷಿನ್ ಕಂಡರೆ ನಾನು ಕೊಡುವ ಸಲಹೆ ಒಂದೇ, ಕೈಯಲ್ಲೇ ಕಲೆಸಲು ಹೇಳಿ, ಒಪ್ಪದಿದ್ದರೆ ಚಪ್ಪಲಿ ಮೆಟ್ಟಿಕೊಳ್ಳಿ.

ಲೆಕ್ಕದ ಪುಸ್ತಕ
ಚಿಪ್ ಬಗ್ಗೆ ಯಾರೂ ಬರೆದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ 11.5 ಗ್ರಾಮಿನ 300 ಚಿಪ್‌ನ ಪೆಟ್ಟಿಗೆ ಎಲ್ಲ ಮನೆಯಲ್ಲೂ ಒಂದೇ ತರಹದ್ದು. ಅದೇ ಪೆಟ್ಟಿಗೆ ಇನ್ನೊಬ್ಬರ ಬಳಿಯೂ ಇದ್ದರೆ ಜೇಬಲ್ಲಿ ನಾಲ್ಕು ಚಿಪ್ ತಂದು ಸೇರಿಸಲು ಎಷ್ಟು ಹೊತ್ತು? ದೊಡ್ಡ ಬೆಲೆಯ ಚಿಪ್‌ಗೆ ಮಾತ್ರ ನಿಮ್ಮದೇ ಸ್ಟಿಕ್ಕರ್ ಅಂಟಿಸಿ.

ಬ್ಯಾಂಕ್, ಅಂದರೆ ಆಟದ ಹಣ ಮತ್ತು ಚಿಪ್‌ನ ಲೆಕ್ಕ, ಹೀಗಿರಲಿ. ಒಂದು ನೋಟುಬುಕ್ಕು, ಮೂರು ಕಾಲಂ: ಹೆಸರು, ಹಾಕಿದ್ದು, ತೆಗೆದದ್ದು. ಹಣ ಡಬ್ಬಿಗೆ ಬಿದ್ದ ಮೇಲೆಯೇ ಚಿಪ್ ಕೈಗೆ. "ಆಮೇಲೆ ಹಾಕ್ತೀನಿ, ಬರ್ಕೊಳ್ಳಿ" ಎಂಬ ಮಾತಿಗೆ ಒಂದು ಸಲ ಒಪ್ಪಿದರೆ ಬೆಳಗಿನ ಜಾವ ಗೆದ್ದವರಿಗೆ ಕೊಡಲು ಡಬ್ಬಿಯಲ್ಲಿ ಹಣ ಇರುವುದಿಲ್ಲ. ಕೊನೆಯಲ್ಲಿ ಏಳುವವರೇ ಬಲಿ. ಡಬ್ಬಿ ಒಬ್ಬರ ಬಳಿ, ಪುಸ್ತಕ ಇನ್ನೊಬ್ಬರ ಬಳಿ.

ಎರಡು ಗಂಟೆಗೊಮ್ಮೆ ಎಲ್ಲರ ಚಿಪ್ ಎಣಿಸಿ ಕೂಡಿಸಿ. ಪುಸ್ತಕದಲ್ಲಿ ₹40,000 ಇದ್ದು ಟೇಬಲ್ ಮೇಲೆ ₹43,000 ಇದ್ದರೆ ಒಂದೋ ಬರೆಯದ ಬೈ-ಇನ್, ಇಲ್ಲವೇ ಹೊರಗಿನ ಚಿಪ್. ₹38,000 ಇದ್ದರೆ ಯಾರದೋ ಜೇಬಿಗೆ ಹೋಗಿದೆ. ತಪ್ಪು ಆಗ ಸಿಕ್ಕರೆ ಸರಿ ಮಾಡಬಹುದು, ರಾತ್ರಿ ಎರಡು ಗಂಟೆಗೆ ಸಿಕ್ಕರೆ ಜಗಳ.

ಯುಪಿಐ ಬಗ್ಗೆ ಎಚ್ಚರ. ಗುರುತಿಲ್ಲದವರಿಂದ ಹಣ ತೆಗೆದುಕೊಂಡರೆ, ಆ ಹಣ ಎಲ್ಲೋ ಸೈಬರ್ ವಂಚನೆಯಿಂದ ಹರಿದು ಬಂದದ್ದಾಗಿದ್ದರೆ, ಪೊಲೀಸರ ಸೂಚನೆ ಮೇರೆಗೆ ನಿಮ್ಮ ಖಾತೆಯೂ ತಡೆಹಿಡಿಯಲ್ಪಡಬಹುದು. ಸಂಬಳದ ಖಾತೆ ನಿಂತುಹೋದರೆ ಮನೆಯ ಇಎಂಐ ಕಟ್ಟುವವರು ಯಾರು? ಸಣ್ಣ ಆಟ ನಗದಿನಲ್ಲಿ ಮುಗಿಸಿ. ದೊಡ್ಡ ಮೊತ್ತವಾದರೆ, ಒಬ್ಬರಿಂದ ಒಂದು ದಿನಕ್ಕೆ ₹2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ ನೆನಪಿರಲಿ. ಅಷ್ಟು ದೊಡ್ಡ ಆಟ ಈ ಎಳೆಯಲ್ಲಿ ಮಾತಾಡುವಂಥದ್ದೂ ಅಲ್ಲ.

ಎಲೆ ನೋಡುವವ
ಇಬ್ಬರು ಸೇರಿ ಆಡುವ ಮೋಸಕ್ಕೆ ಉಪಕರಣವೇ ಬೇಡ. ನಡುವೆ ನೀವು, ಆ ಕಡೆ ಒಬ್ಬ ಪಂತ ಏರಿಸುತ್ತಾನೆ, ಈ ಕಡೆ ಇನ್ನೊಬ್ಬ ಮತ್ತೆ ಏರಿಸುತ್ತಾನೆ, ನೀವು ಎಲೆ ಬಿಟ್ಟ ತಕ್ಷಣ ಒಬ್ಬ ಸದ್ದಿಲ್ಲದೆ ಬಿಟ್ಟುಕೊಡುತ್ತಾನೆ. ಒಂದು ಸಲ ಆದರೆ ಆಟ. ಒಂದೇ ಜೋಡಿ, ಮೂರನೇ ಸಲ, ಎಲೆ ತೋರಿಸದೆ ಆದರೆ ಅದು ಹೊಂದಾಣಿಕೆ. ಅಂಥ ಇಬ್ಬರು ಎದುರುಬದುರಾದಾಗ ಮಾತ್ರ ಪಾಟ್ ಚಿಕ್ಕದಾಗೇ ಮುಗಿಯುತ್ತದೆ, ಅದೂ ಗುರುತು. ಪರಿಹಾರ: ಎರಡು ಗಂಟೆಗೊಮ್ಮೆ ಎಲೆ ಎಳೆದು ಜಾಗ ಬದಲಾಯಿಸಿ. ಆಲ್-ಇನ್ (ಇದ್ದ ಚಿಪ್ ಎಲ್ಲ ಹಾಕುವುದು) ಆದಮೇಲೆ ಎಲ್ಲರೂ ಎಲೆ ಮೇಲ್ಮುಖ ಮಾಡಲಿ.

ಮೂರನೇ ಬೀದಿ
ಮೋಸ ಕಂಡರೆ ಅಲ್ಲೇ ಎಲ್ಲರ ಮುಂದೆ ಹೇಳಬೇಕು. ಸುಮ್ಮನೆ ಎದ್ದು ಬಂದರೆ ಮುಂದಿನ ವಾರ ಇನ್ನೊಬ್ಬ ಬಡಪಾಯಿ ಬೀಳುತ್ತಾನೆ.

ರಾತ್ರಿಪಾಳಿ
ನಿಮ್ಮ ಕಳಕಳಿ ಸರಿ, ಆದರೆ ಜಾಗ ಸರಿಯಲ್ಲ. ರಾತ್ರಿ ಒಂದು ಗಂಟೆ, ಕುಡಿದವರು, ಹಣ, ಮುಚ್ಚಿದ ಬಾಗಿಲು, ಅದೂ ಊರ ಹೊರಗಿನ ಫಾರ್ಮ್‌ಹೌಸ್. ಅಲ್ಲಿ ಆರೋಪ ಮಾಡಿದರೆ ಸಾಕ್ಷಿ ಕೊಡಬೇಕಾದವರು ನೀವು. ಚಿಪ್ ಕೊಟ್ಟು ಹಣ ತೆಗೆದುಕೊಂಡು ಹೊರಡಿ, ಸಿಗದಿದ್ದರೂ ಹೊರಡಿ. ಮಾರನೇ ದಿನ ಪರಿಚಯದವರಿಗೆಲ್ಲ ಫೋನ್ ಮಾಡಿ ಹೇಳಿ, ಬೇಕಿದ್ದರೆ ದೂರು ಕೊಡಿ.

ಹೊರಡುವುದು ಸುಲಭವಾಗಬೇಕಾದರೆ ಕೂರುವಾಗಲೇ "ಹನ್ನೊಂದೂವರೆಗೆ ಏಳ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿರಬೇಕು. ಗೆದ್ದು ಏಳುವವರನ್ನು ಕೂರಿಸುವುದು ಮುಲಾಜು. "ಇನ್ನೊಂದು ರೌಂಡ್ ಅಷ್ಟೇ ಮಗಾ" ಎಂಬ ಮಾತಿಗೆ ಮೊದಲೇ ಹೇಳಿದ ಸಮಯವೇ ಉತ್ತರ. ನಿಮ್ಮದೇ ಗಾಡಿಯಲ್ಲಿ ಹೋಗಿ, ಕರೆದವರ ಕಾರಿನಲ್ಲಿ ಹೋದರೆ ಅವರು ಏಳುವ ತನಕ ನೀವೂ ಏಳುವಂತಿಲ್ಲ. ನಿಮ್ಮ ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿಟ್ಟಿರಿ. ಎಷ್ಟು ತಂದಿದ್ದೀರಿ ಎಂದು ಟೇಬಲ್‌ನಲ್ಲಿ ತೋರಿಸಬೇಡಿ, ಗೆದ್ದದ್ದನ್ನು ಪಾರ್ಕಿಂಗ್‌ನಲ್ಲಿ ನಿಂತು ಎಣಿಸಬೇಡಿ, ನೋಟಿನ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಇಬ್ಬಿಬ್ಬರಾಗಿ ಹೊರಗೆ ಬನ್ನಿ. ಕುಡಿಯುವ ನೀರು ನಿಮ್ಮ ಬಾಟಲಿಯದೇ ಇರಲಿ. ಆಡುವಾಗ ಹೆಂಡ ಬೇಡವೇ ಬೇಡ, ನಿಮಗೆ ಪುಕ್ಕಟೆ ಸುರಿಯುತ್ತಾ ತಾವು ಸೋಡಾ ಕುಡಿಯುವ ಮನೆಯವರಿಂದ ದೂರ ಇರಿ.

ಇನ್ನು ಸಾಲ. ಟೇಬಲ್ ಪಕ್ಕದಲ್ಲಿ ಹಣ ಹಿಡಿದು ಕೂತವರು ಮೀಟರ್ ಬಡ್ಡಿಯವರು. ಕಾರಿನ ಆರ್‌ಸಿ, ಖಾಲಿ ಚೆಕ್ಕು, ಹೆಂಡತಿಯ ಸರ, ಯಾವುದನ್ನೂ ಅವರ ಕೈಗೆ ಕೊಡಬೇಡಿ. ಮುಗಿಯುವುದು ಮನೆ ಬಾಗಿಲಲ್ಲಿ ನಾಲ್ಕು ಜನ ಬಂದು ನಿಲ್ಲುವುದರಲ್ಲಿ.

ಕರಿಕೋಟು
ರಾತ್ರಿಪಾಳಿಯವರ ಮಾತಿಗೆ ಕಾನೂನಿನ ಬದಿ ಸೇರಿಸುತ್ತೇನೆ. ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಕರಾರು ಅನೂರ್ಜಿತ, ಗೆದ್ದ ಬಾಜಿ ಹಣಕ್ಕೆ ದಾವೆ ಹೂಡಲಾಗದು. ಕೋರ್ಟಿನ ದಾರಿ ಇಲ್ಲವೆಂದೇ ಬೆದರಿಕೆಯ ದಾರಿ ಹಿಡಿಯುತ್ತಾರೆ. ಬೆದರಿಸಿ ಹಣ ಕೀಳುವುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 308ರ ಸುಲಿಗೆ. ವಿಪರೀತ ಬಡ್ಡಿಗೆ 2004ರ ಕರ್ನಾಟಕ ಕಾಯ್ದೆಯೇ ಇದೆ. "ನಾನೂ ಆಡಿದ್ದೆ" ಎಂಬ ಭಯಕ್ಕೆ ಬೆದರಿಕೆಯನ್ನು ಸಹಿಸಬೇಡಿ, ಮೆಸೇಜು ಅಳಿಸದೆ ಇಟ್ಟುಕೊಂಡು ವಕೀಲರ ಜೊತೆ ಠಾಣೆಗೆ ಹೋಗಿ.

ಹಾಗೇ, "ಮನೆ ಆಟ ಬೇಡ, ನಮ್ಮ ಆ್ಯಪ್ ಕ್ಲಬ್‌ಗೆ ಬನ್ನಿ, ಚಿಪ್ ಉಚಿತ, ಲೆಕ್ಕ ಏಜೆಂಟ್ ಜೊತೆ" ಎಂದು ಕರೆಯುವವರು ಹೆಚ್ಚಾಗಿದ್ದಾರೆ. ತೆರೆಯ ಮೇಲೆ ಆಟದ ದುಡ್ಡು, ಹಿಂದೆ ನಿಜವಾದ ಹಣ, ಅಂದರೆ 2025ರ ಕಾಯ್ದೆ ನಿಷೇಧಿಸಿದ ಆನ್‌ಲೈನ್ ಹಣದ ಆಟವೇ. ಆ ಕಾಯ್ದೆ ಆಡಿಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ ಹೇಳುತ್ತದೆ. ಆಡುವವರಿಗೆ ಶಿಕ್ಷೆ ಇಲ್ಲ, ಆದರೆ ಏಜೆಂಟ್ ಗುಂಪು ಬಿಟ್ಟು ಹೋದ ದಿನ ನಿಮ್ಮ ಹಣ ಹೋಯಿತು. ವಂಚನೆಯಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಲೆನಾಡು ಮಳೆ
ಇದನ್ನು ಓದುತ್ತಿರುವ, ಆಡುವವರ ಮನೆಯವರಿಗೂ ಒಂದು ಮಾತು. ತಿಂಗಳ ಖರ್ಚಿನ ಹಣದಿಂದ ಆಡುವುದು, ಕಳೆದದ್ದನ್ನು ಅವತ್ತೇ ವಾಪಸ್ ತರಲು ಕೂರುವುದು, ಎಷ್ಟು ಹೋಯಿತೆಂದು ಸುಳ್ಳು ಹೇಳುವುದು, ಈ ಮೂರರಲ್ಲಿ ಒಂದು ಕಂಡರೂ ಎಲೆ, ಚಿಪ್‌ನ ಯಾವ ನಿಯಮವೂ ಕಾಪಾಡುವುದಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗ ಇದೆ. ನಾಚಿಕೆ ಪಡುವಂಥದ್ದೇನೂ ಇಲ್ಲ.

ಹೊಸ ಟೇಬಲ್
ಎಲ್ಲರಿಗೂ ಧನ್ಯವಾದ. ಕೊನೆಯ ಎರಡು ಸಣ್ಣ ಪ್ರಶ್ನೆ. ಕಟ್ ಕಾರ್ಡ್ ಸಿಗದಿದ್ದರೆ ಏನು ಬಳಸುವುದು? ಇಷ್ಟೆಲ್ಲ ನಿಯಮ ಆಟ ನಡೆಸುವ ಮನೆಯವರಿಗೆ ಹೇಳಿದರೆ ಅನುಮಾನ ಪಟ್ಟಂತಾಗುವುದಿಲ್ಲವೇ?

ಎಲೆ ನೋಡುವವ
ಬೇರೆ ಬಣ್ಣದ ಪ್ಯಾಕಿನ ಜೋಕರ್ ಎಲೆ ಸಾಕು. ಕೆಂಪು ಪ್ಯಾಕ್ ಆಡುವಾಗ ನೀಲಿ ಜೋಕರ್ ಅಡಿಯಲ್ಲಿರಲಿ, ನೀಲಿಗೆ ಕೆಂಪು. ಅಡಿಯಲ್ಲಿ ಬೇರೆ ಬಣ್ಣ ಕಾಣದೇ ಹೋದ ಕ್ಷಣ ಯಾರು ಬೇಕಾದರೂ "ನಿಲ್ಲಿ" ಎನ್ನಬಹುದು.

ಹೇಳುವ ಬಗೆಗೆ: ಯಾರ ಹೆಸರೂ ಎತ್ತಬೇಡಿ. ಹೊಸ ಪ್ಯಾಕ್ ಎರಡು, ನೋಟುಬುಕ್ಕು, ಪೆನ್ನು ನೀವೇ ತೆಗೆದುಕೊಂಡು ಹೋಗಿ, "ಇವತ್ತಿನ ಲೆಕ್ಕ ನಾನು ಬರೆಯುತ್ತೇನೆ, ಡಬ್ಬಿ ನಿಮ್ಮ ಹತ್ತಿರ ಇರಲಿ" ಅನ್ನಿ. ಬರೆಯುವ ಕೆಲಸ ಇನ್ನೊಬ್ಬರು ಹೊತ್ತುಕೊಂಡರೆ ನೆಟ್ಟಗಿನ ಮನೆಯವರು ಖುಷಿಯಾಗಿ ಒಪ್ಪುತ್ತಾರೆ. ಪ್ಯಾಕ್ ಬೇಡ, ಪುಸ್ತಕ ಬೇಡ ಎಂದರೆ ಚಿಪ್ ಕೊಳ್ಳುವ ಮುಂಚೆಯೇ ನಿಮಗೆ ಉತ್ತರ ಸಿಕ್ಕಿತು.